ನಾಕರಾಗ ಒಂದು ಏಟು

ಪೆಟ್ರೋಲ್ ವಾಸನೆ ಬಂದರೆ ಇವತ್ತಿಗೂ ಗಜೇಂದ್ರಗಡದ ನಮ್ಮ ಮನೆ ಮುಂದಿನ ಹಳೇ ಜೀಪು ನೆನಪಾಗುತ್ತದೆ.

ಅವತ್ತು ಸಂಜೆಯೊಳಗೆ ರೋಣಕ್ಕೆ ಸೀರೆ ಮುಟ್ಟಿಸಬೇಕಿತ್ತು. ಎಂಜಿನ್ ಗಡಗಡ ನಡುಗುತ್ತಿತ್ತು. ಅಪ್ಪ ಮತ್ತು ಮಿಸ್ತ್ರಿ ಚಾಚಾ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದರೂ ನಡುಕ ಹೋಗಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ.

ಒಳಗೆ ನೇಯುತ್ತಿದ್ದ ಅವ್ವ ಮಗ್ಗ ನಿಲ್ಲಿಸದೆ ಅಂದಳು, “ನಾಕರಾಗ ಒಂದು ಏಟು ಬೀಳವಲ್ದು, ನೋಡ್ರಿ.”

“ನಿಂದು ನೀ ನೋಡ್ಕೋ,” ಅಂದ ಅಪ್ಪ.

ಚಾಚಾ ಚಹಾಕ್ಕೆ ಹೋದಾಗ ಅಪ್ಪ ನಾಲ್ಕು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಸದ್ದು ಬದಲಾಗಲೇ ಇಲ್ಲ; ಬೀಳದ ಏಟು ಅದರದೇ. ಆ ಪ್ಲಗ್ಗಿನ ಮಸಿ ಕೆರೆದು ಕೂಡಿಸಿದ ಮೇಲೆ ಎಂಜಿನ್ ಹದಕ್ಕೆ ಬಂತು.

“ಹ್ಯಾಂಗ ಗೊತ್ತಾತ್ರಿ?” ತಿರುಗಿ ಬಂದ ಚಾಚಾ ಕೇಳಿದ.

“ಕಿವಿ ಬೇಕು ಚಾಚಾ, ಕಿವಿ,” ಅಂದ ಅಪ್ಪ.

ಒಳಗೆ ಮಗ್ಗ ಒಂದು ಏಟು ತಪ್ಪಿತು. ಆಮೇಲೆ ಮೊದಲಿನಂತೆಯೇ ಬಡಿಯತೊಡಗಿತು.