ಚಂದ್ರಿಯ ಸಾಕ್ಷಿ

ದನಕರುಗಳಿಗೆ ಮಾತು ಬಂದ ಮೇಲೆ, ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕುವವರು ಮನೆಯ ಒಂದು ಪ್ರಾಣಿಯನ್ನು ಸಾಕ್ಷಿಗೆ ಕರೆತರಬೇಕಾಗಿತ್ತು. ಸುಗುಣ ತನ್ನ ಎಮ್ಮೆ ಚಂದ್ರಿಯನ್ನು ಟೆಂಪೋದಲ್ಲಿ ತಂದಿದ್ದಳು. ದಾರಿಯುದ್ದಕ್ಕೂ ಹಿಂಡಿ ತಿನ್ನಿಸಿ, ನಾಲ್ಕು ಒಳ್ಳೆಯ ಮಾತು ಹೇಳೆಂದು ಬೇಡಿದ್ದಳು. ಚಂದ್ರಿ ಹಿಂಡಿಯನ್ನಷ್ಟೇ ಮುಗಿಸಿತ್ತು.

ಡೀನ್ ಅಂಕಪಟ್ಟಿ ನೋಡಿ ಮುಖ ಸಿಂಡರಿಸಿದರು. "ಪಿಯುಸಿಯಲ್ಲಿ ಬರೀ ನಲವತ್ತಾರು ಪರ್ಸೆಂಟಾ?"

"ಪರೀಕ್ಷೆ ಟೈಮಲ್ಲಿ ನಮ್ಮ ಎಮ್ಮೆ ಈಯ್ತಿತ್ತು ಸಾರ್," ಎಂದಳು ಸುಗುಣ.

"ಯಾವ ಎಮ್ಮೆ?" ಎಂದಿತು ಚಂದ್ರಿ, ಮೆಲುಕು ಹಾಕುತ್ತಲೇ. "ನಾನು ಈದಿದ್ದು ದೀಪಾವಳೀಲಿ. ಸುಳ್ಳು ಹೇಳಕ್ಕೂ ತಲೆ ಬೇಕು ಕಣವ್ವ. ಇವ್ಳು ಪುಸ್ತಕ ಹಿಡ್ಕಂಡು ನನ್ನ ಗೋದ್ಲೀಲೇ ನಿದ್ದೆ ಹೊಡೆಯೋಳು ಸಾಮಿ. ಹುಲ್ಲು ಅನ್ಕಂಡು ನಾನೇ ಒಂದೆರಡು ಹಾಳೆ ತಿಂದೆ. ಅದೂ ಸಪ್ಪೆ."

ಸುಗುಣ ತಲೆ ತಗ್ಗಿಸಿದಳು. ಡೀನ್ ನಗುತ್ತ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಇವಳು ಬೇಡ ಅಂತೀಯ?"

"ಬೇಡ ಅಂದ್ನಾ? ದಡ್ಡಿ ಅಂದೆ. ಗಬ್ಬ ಐತಾ ನೋಡಕ್ಕೆ ಒಂದ್ಸಲ ನನ್ನೊಳಗೆ ಕೈ ಹಾಕಿದ್ಲು. 'ನಂಗೆ ಗೊತ್ತಾಗ್ತಿಲ್ಲ ಕಣೆ' ಅಂತ ಮೆಲ್ಲಗೆ ತೆಗುದ್ಲು. ಆಮೇಲೆ ನಿಮ್ಮ ಕಾಲೇಜಿನ ಚಿನ್ನದ ಪದಕದ ಡಾಕ್ಟ್ರು ಬಂದ. ಮೊಣಕೈಗಂಟ ಕೈ ಬಿಟ್ಕಂಡು ಫೋನಲ್ಲಿ ಸೈಟಿನ ಯಾಪಾರ ಮಾತಾಡ್ದ. ಯಾಪಾರ ಕುದುರ್ದ ಮೇಲೆ ಕೈ ತೆಗುದು, ಗಬ್ಬ ಇಲ್ಲ ಅಂದ. ಆ ಕರು ಈಗ ಮನೇಲಿ ನನ್ನ ದಾರಿ ಕಾಯ್ತಾ ಐತೆ."

ಮೇಜಿನ ಮೇಲಿದ್ದ ಡೀನರ ಫೋನು ಬಡಿದುಕೊಳ್ಳತೊಡಗಿತು. ಚಂದ್ರಿ ಮೆಲುಕು ನಿಲ್ಲಿಸಿ ಅವರನ್ನೇ ನೋಡಿತು.

ಡೀನ್ ಫೋನು ಮುಟ್ಟಲಿಲ್ಲ. ಅರ್ಜಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.