ಮುಂದಿನ ಸೀಟಿನ ಬಲೆ

"ಬಲೆ ಹಿಡಿಯೇ ಲೂಲಾ, ನಿದ್ದೆ ಹೊಡೀತಿದೀಯಾ?" ಗಾಳದ ಕೋಲು ಬಾಗಿದ್ದೇ ತಡ, ಡೆಲ್ಮರ್ ತಿರುಗಿ ನೋಡದೆಯೇ ಗದರಿದ.

ಕ್ರ್ಯಾಪಿ ಮೀನಿನ ತುಟಿ ಕಾಗದದಷ್ಟು ತೆಳು. ಒಬ್ಬರು ನಿಧಾನವಾಗಿ ಮೇಲೆ ತರಬೇಕು, ಇನ್ನೊಬ್ಬರು ಅದರ ಕೆಳಗೆ ಬಲೆ ಒಡ್ಡಬೇಕು. ಕೆಂಟಕಿಯ ಈ ಕೆರೆಯಲ್ಲಿ ನಲವತ್ತು ವರ್ಷ, ಪ್ರತಿ ಮಾರ್ಚ್ ತಿಂಗಳಲ್ಲೂ ಆ ಇನ್ನೊಬ್ಬರು ಅವನ ಹೆಂಡತಿಯೇ. ಮೀನು ನೀರಿನ ಮೇಲೆ ಬಾಯಿ ತೆರೆದು ಒದ್ದಾಡಿತು. ಅವನು ಕಾದ. ತುಟಿ ಹರಿಯಿತು, ಮೀನು ಮುಳುಗಿತು.

ಪಕ್ಕದ ದೋಣಿಯ ಗೆಳೆಯ ಹಾಯ್ಟ್ ಎಲ್ಲ ಕೇಳಿಸಿಕೊಂಡಿದ್ದ. ಜನವರಿಯಲ್ಲಿ ಲೂಲಾಳನ್ನು ಮಣ್ಣು ಮಾಡುವಾಗ ಹೆಗಲು ಕೊಟ್ಟವನು ಅವನು. "ನಾನು ನಿನ್ ದೋಣಿಗೆ ಬರ್ಲೇನೋ? ಬಲೆ ಹಿಡಿಯೋಕೆ ನಂಗೂ ಬರುತ್ತೆ."

ಡೆಲ್ಮರ್ ಮುಂದಿನ ಸೀಟು ನೋಡಿದ. ಬೆಳಿಗ್ಗೆ ರೂಢಿಯಂತೆ ತಾನೇ ಅಲ್ಲಿಟ್ಟ ಬಲೆ ಒದ್ದೆಯಾಗದೆ ಬಿದ್ದಿತ್ತು.

"ಬೇಡ ಕಣೋ," ಅಂದ. "ಜಾಗ ಇಲ್ಲ."