ಲಾಕರ್ ಬಂದ ವರ್ಷ

ದಸರಾ ರಜೆ ಹತ್ತಿರ ಬಂತೆಂದರೆ ಸಾಕು, ರೋಹಿಣಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ...

ತಿಪಟೂರಿನ ಆ ಮನೆಯವರಿಗೆ ವರ್ಷಕ್ಕೊಂದೇ ಪ್ರವಾಸ. ಬೆಂಗಳೂರಿನಾಚೆ ಒಂದು ವಾಟರ್ ಪಾರ್ಕ್, ಅದರೊಳಗೇ ರೆಸಾರ್ಟ್ ಹೋಟೆಲ್. ಬಾಲ್ಕನಿಯಿಂದ ಜೈಂಟ್ ವೀಲ್ ಕಾಣುವ ರೂಮೇ ಆಗಬೇಕು, ಇಲ್ಲದಿದ್ದರೆ ಹೋದ ಹಾಗೇ ಅಲ್ಲ.

ಗಂಡ ಶಶಿಧರ ಬೇರೆ ಊರಿನ ಹೆಸರೆತ್ತಿದರೆ, "ನಮ್ ರೂಮು ನಮ್ಮನ್ನ ಕಾಯ್ತಿರುತ್ತೆ ಕಣ್ರೀ" ಎಂದು ಬಾಯಿ ಮುಚ್ಚಿಸುವಳು.

ಹೋಗುವವರು ನಾಲ್ವರು... ಗಂಡ, ಹೆಂಡತಿ, ಮಗಳು ಇಂಚರ, ಮತ್ತೆ ಚಂದ್ರಕ್ಕ. ಚಂದ್ರಕ್ಕ ಎಂದರೆ ರೋಹಿಣಿಯ ಒಡಹುಟ್ಟಿದ ಅಕ್ಕ. ಮದುವೆಯಾಗದೆ ತಂಗಿಯ ಮನೆಯಲ್ಲೇ ಇದ್ದವಳು.

ಮೊದಲ ವರ್ಷ ಹೋದಾಗ ಚಂದ್ರಕ್ಕ, "ನಂಗೆ ನೀರು ಗೀರು ಬೇಡ. ನೀವು ಆಡ್ಕೊಂಡ್ ಬನ್ನಿ, ನಾನು ಬ್ಯಾಗ್ ನೋಡ್ಕೊಂಡ್ ಕೂತಿರ್ತೀನಿ" ಎಂದಿದ್ದಳು.

ಅಷ್ಟೇ... ಅಲೆ ಏಳುವ ಕೊಳದ ಪಕ್ಕದ ಕಲ್ಲುಬೆಂಚು ಅಂದಿನಿಂದ ಚಂದ್ರಕ್ಕನ ಖಾಯಂ ಜಾಗವಾಯಿತು. ಎಲ್ಲರ ಫೋನು, ಕನ್ನಡಕ, ಒಣ ಬಟ್ಟೆ ಅವಳ ಮಡಿಲಿಗೆ. ಚಪ್ಪಲಿಗಳು ಅವಳ ಕಾಲ ಬಳಿ.

ಸಂಜೆ ರೂಮಿಗೆ ಬಂದಾಗ ಶಶಿಧರ ರೇಗಿಸುತ್ತಿದ್ದ. "ಏನ್ ಚಂದ್ರಕ್ಕ, ನೀರಿಗಿಳಿದೋರು ನಾವು, ಕಪ್ಪಾಗಿರೋರು ನೀವು!"

ಎಲ್ಲರೂ ನಗುತ್ತಿದ್ದರು. ಚಂದ್ರಕ್ಕನೂ ನಗುತ್ತಿದ್ದಳು.

ಈ ವರ್ಷ ರೂಮ್ ಬುಕ್ ಮಾಡುವಾಗ ಒಂದು ಹೊಸ ಸುದ್ದಿ ಸಿಕ್ಕಿತು... ಪಾರ್ಕಿನಲ್ಲಿ ಸಾಮಾನಿಡಲು ಲಾಕರ್ ಮಾಡಿದ್ದಾರಂತೆ!

ರೋಹಿಣಿ ಓಡಿಬಂದು ಅಡುಗೆಮನೆಯಲ್ಲಿ ಹೇಳಿದಳು. "ಅಕ್ಕಾ, ಈ ಸಲ ನಿಂಗೆ ಆ ತಾಪತ್ರಯ ಇಲ್ಲ ಕಣೆ. ಲಾಕರ್ ಬಂದಿದೆ. ನೀನು ಮನೇಲಿ ಆರಾಮಾಗಿರು."

ಚಕ್ಕುಲಿ ಡಬ್ಬಕ್ಕೆ ತುಂಬುತ್ತಿದ್ದ ಚಂದ್ರಕ್ಕನ ಕೈ ಒಂದು ಗಳಿಗೆ ನಿಂತಿತು.

"ಹೌದಾ... ಒಳ್ಳೇದಾಯ್ತು ಬಿಡು. ನಾನ್ ಬಂದು ಏನ್ ಮಾಡ್ಲಿ."

ಅಕ್ಕನಿಗೆ ಉಪಕಾರ ಮಾಡಿದೆ ಎಂದೇ ರೋಹಿಣಿ ಅಂದುಕೊಂಡಳು. ಎಲ್ಲರ ಸಾಮಾನು ತುಂಬುವ ದೊಡ್ಡ ಬ್ಯಾಗನ್ನು ಅಕ್ಕ ಆಗಲೇ ಅರ್ಧ ಜೋಡಿಸಿಟ್ಟಿದ್ದಳು. ಅದು ರೋಹಿಣಿಯ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಮೂವರೇ ಹೋದರು. ಅದೇ ರೂಮು, ಅದೇ ಜೈಂಟ್ ವೀಲ್... ರೋಹಿಣಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಲಾಕರ್ ತೀರಾ ಚಿಕ್ಕದು. ಬ್ಯಾಗ್ ಹಿಡಿಸಲಿಲ್ಲ. ಸಾಮಾನನ್ನು ಒಂದೊಂದಾಗಿ ತೆಗೆದು ಒಳಗೆ ತುರುಕುತ್ತಾ ಹೋದಳು. ಬ್ಯಾಗಿನ ತಳದಲ್ಲಿ, ಟವೆಲುಗಳ ಕೆಳಗೆ, ಕೈಗೊಂದು ಬಟ್ಟೆ ಸಿಕ್ಕಿತು.

ನೇರಳೆ ಬಣ್ಣದ ನೈಲಾನ್ ಸೂಟು. ತುಂಬು ತೋಳು, ಪಾದದವರೆಗೆ ಪ್ಯಾಂಟು. ಆ ಪಾರ್ಕಿನಲ್ಲಿ ಸೀರೆಯುಟ್ಟು ನೀರಿಗಿಳಿಯುವಂತಿಲ್ಲ, ನೈಲಾನೇ ಆಗಬೇಕು... ಅದಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ್ದು.

ಅದು ಒಮ್ಮೆಯೂ ನೀರು ಕಂಡಿರಲಿಲ್ಲ. ಮಡಿಕೆಯ ಗೆರೆಗಳಲ್ಲಿ ಮಾತ್ರ ಬಣ್ಣ ಮಾಸಿತ್ತು.

"ಇದ್ಯಾರ್ದೇ ಇಂಚರಾ?"

"ದೊಡ್ಡಮ್ಮಂದು ಅಮ್ಮಾ. ಪ್ರತಿ ವರ್ಷ ತರ್ತಾರಲ್ಲ."

"ಮತ್ತೆ... ಯಾವತ್ತೂ ಹಾಕ್ಕೊಂಡೇ ಇಲ್ವಲ್ಲೇ?"

ಮಗಳು ತಲೆ ತಗ್ಗಿಸಿದಳು. "ನಿಮ್ಮಮ್ಮ ಒಂದ್ಸಲ ಬಾ ಅಂದ್ರೆ ಹಾಕ್ಕೋತೀನಿ ಅಂದಿದ್ರು. ನಿಂಗೆ ಹೇಳ್ಬೇಡ ಅಂತಾನೂ ಅಂದಿದ್ರು."

ರೋಹಿಣಿ ಸೂಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು...

ಅವಳ ಮನೆಯಲ್ಲಿ ಉಂಡವರಿಗೆಲ್ಲ ಗೊತ್ತು. ಎಲೆಗೆ ಕೈ ಅಡ್ಡ ಹಿಡಿದು 'ಬೇಡ ಬೇಡ' ಎಂದರೂ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುವವಳು ಅವಳು. "ಮೊದಲ್ನೇ ಬೇಡ ಸಂಕೋಚದ್ದು ಕಣ್ರೀ, ಅದನ್ನ ನಂಬಬಾರ್ದು" ಎನ್ನುವುದು ಅವಳದೇ ಮಾತು.

ನೆಂಟರಿಗೆಲ್ಲ ಒತ್ತಾಯ ಮಾಡಿದವಳು, ಒಡಹುಟ್ಟಿದ ಅಕ್ಕನ ಒಂದೇ ಒಂದು 'ಬೇಡ'ವನ್ನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು. ಯಾಕೆಂದರೆ ಆ 'ಬೇಡ'ದಿಂದ ಅವಳಿಗೇ ಅನುಕೂಲವಿತ್ತು!

ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದಳು.

"ಅಕ್ಕಾ... ಈಗ್ಲೇ ಹೊರಟು ಬಂದ್ಬಿಡೇ..." ಎನ್ನುತ್ತಾ ಅತ್ತುಬಿಟ್ಟಳು.

"ಅಯ್ಯೋ, ಯಾಕೇ ಅಳ್ತಿದೀಯ? ಲಾಕರ್ ಕೆಟ್ಟೋಯ್ತಾ? ಇರು, ಮುಂದಿನ್ ಬಸ್ಸಿಗೇ ಬರ್ತೀನಿ. ನಾನ್ ಬಂದು ಬ್ಯಾಗ್ ನೋಡ್ಕೋತೀನಿ, ನೀನು ಆರಾಮಾಗಿ ನೀರಿಗೆ ಹೋಗುವಂತೆ."

ಆ ದನಿಯಲ್ಲಿ ಕೋಪವಿರಲಿಲ್ಲ. ಸಂತೋಷವಿತ್ತು... ರೋಹಿಣಿಗೆ ತಡೆಯಲಾಗದೆ ಹೋದದ್ದು ಅದೇ.

ಮರುದಿನ ಬೆಳಿಗ್ಗೆ ನೇರಳೆ ಸೂಟನ್ನು ಅಕ್ಕನ ಕೈಗಿಟ್ಟಳು.

"ಈ ವಯಸ್ಸಲ್ಲಿ ನಂಗೆ ಯಾಕೇ ಇದೆಲ್ಲ, ಬೇಡ..."

"ಬೇಡ ಅಂದ್ರೆ ಬಿಡಲ್ಲ."

"ಬ್ಯಾಗು?"

"ನಾನಿದೀನಿ."

ಇಂಚರಳ ಕೈ ಹಿಡಿದು ಚಂದ್ರಕ್ಕ ನೀರಿಗಿಳಿದಳು. ಮೊದಲ ಅಲೆ ಬಡಿದಾಗ ಚಿಕ್ಕ ಮಗುವಿನಂತೆ ಕಿರುಚಿದಳು. ಅಕ್ಕ ಅಷ್ಟು ಜೋರಾಗಿ ನಗುವುದನ್ನು ರೋಹಿಣಿ ಯಾವತ್ತೂ ಕೇಳಿರಲಿಲ್ಲ.

ಅವಳು ಕಲ್ಲುಬೆಂಚಿನ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಮರದ ನೆರಳು ಪಕ್ಕಕ್ಕೆ ಸರಿಯಿತು... ಬಿಸಿಲು ನೇರ ಮುಖಕ್ಕೆ. ಕಲ್ಲು ಕಾದ ಕಾವಲಿಯಂತೆ ಸುಡತೊಡಗಿತು.

'ಕಪ್ಪಾಗಿರೋರು ನೀವು' ಎಂದು ನಗುತ್ತಿದ್ದ ಸಂಜೆಗಳೆಲ್ಲ ನೆನಪಾದವು. ಅಕ್ಕ ಒಂದು ದಿನವೂ ಬಿಸಿಲಿನ ಮಾತೆತ್ತಿರಲಿಲ್ಲ.

ಅಷ್ಟರಲ್ಲಿ ನೀರಿನೊಳಗಿಂದ ಕೂಗು ಕೇಳಿಸಿತು.

"ಏ ರೋಹಿಣೀ... ಅಲ್ಲಿ ಬಿಸಿಲು ಬಂತು ನೋಡೇ! ಬೆಳಿಗ್ಗೆ ನಿಂಗಂತಾನೇ ಬ್ಯಾಗಿನ ಪಕ್ಕದ ಜೇಬಲ್ಲಿ ಛತ್ರಿ ಇಟ್ಟಿದೀನಿ, ಬಿಚ್ಕೋ!"

ಛತ್ರಿ ಸಿಕ್ಕಿತು. ರೋಹಿಣಿ ಅದನ್ನು ಬಿಚ್ಚಲಿಲ್ಲ. ಎದೆಗವಚಿಕೊಂಡು, ಅಕ್ಕನಿಗೆ ಕಾಣದಂತೆ ಮುಖ ತಗ್ಗಿಸಿ ಅತ್ತಳು...

*ಹೊರಗಿನವರ 'ಬೇಡ'ದಲ್ಲಿ ಸಂಕೋಚ ಕಾಣುವ ನಾವು, ಮನೆಯವರ 'ಬೇಡ'ದಲ್ಲಿ ನಮ್ಮ ಅನುಕೂಲ ಮಾತ್ರ ಕಾಣುತ್ತೇವೆ.*

ನಿಮ್ಮ ಸಂತೋಷದ ಬ್ಯಾಗನ್ನು ಕಾಯುತ್ತಾ ಬಿಸಿಲಲ್ಲಿ ಕೂತವರು ಯಾರು? ಅವರನ್ನು ಎರಡನೇ ಸಲ ಕರೆದಿದ್ದೀರಾ?